ಕಂಪ್ಯೂಟರಿನ ಮೇಲೆ ಹಿಟ್ಟು ಇಡಬೇಡ

ಉಲ್ಕಾನ್ ಅಜ್ಜೀ,

ಈ ಮುದಿ ಕಂಪ್ಯೂಟರಿನ ಅಪ್‌ಡೇಟ್ ಮೂರು ಸಲ ಅರ್ಧಕ್ಕೇ ನಿಂತಿದ್ದು ಯಾಕಂತ ಈಗ ಗೊತ್ತಾಯ್ತು. ನಾನು ವೈರಸ್ ಅಂತ ತಲೆ ಕೆಡಿಸಿಕೊಂಡಿದ್ದರೆ, ನೀನು ಬೆಚ್ಚಗಿದೆ ಅಂತ ಅದರ ಪೆಟ್ಟಿಗೆ ಮೇಲೆ ರೊಟ್ಟಿ ಹಿಟ್ಟಿನ ಪಾತ್ರೆ ಇಟ್ಟು, ಕೌದಿ ಬೇರೆ ಹೊದಿಸಿದ್ದೀಯ! ಉಸಿರುಕಟ್ಟಿ, ಕಾದು, ಆರಿಹೋಗುತ್ತೆ ಪಾಪ.

ನಾಲ್ಕನೇ ಸಲ ಶುರುಮಾಡಿ ಹೊರಟಿದ್ದೀನಿ. ಹಿಟ್ಟು ಒಲೆ ಪಕ್ಕ ಇರಲಿ. ಪರದೆ ಕಪ್ಪಾದ್ರೂ ಪ್ಲಗ್ ಕೀಳಬೇಡ. "ಅಯ್ಯೋ, ದೃಷ್ಟಿ ತಾಗಿದೆ ಕಣೇ" ಅಂತ ಆರ್ಚಾ ಸೊಪ್ಪಿನ ಹೊಗೆಯಂತೂ ಹಾಕಲೇಬೇಡ.

ಜಾಗ ಸಾಲದೆ ನನ್ನ ಆಟಗಳನ್ನೆಲ್ಲ ಅಳಿಸಿದೆ. ತಾತ ಇದ್ದಾಗ ಕೋಮುಜ್ ನುಡಿಸುತ್ತಾ ಕುಣಿದ ವಿಡಿಯೋ ಮುಟ್ಟಿಲ್ಲ. ಹಿಟ್ಟು ಉಬ್ಬಿತಾ ಅಂತ ಗಳಿಗೆಗೊಂದು ಸಲ ಹೋಗಿ ನೀನು ನೋಡೋದು ಅದನ್ನೇ ಅಂತ ಗೊತ್ತು. ಸಂಜೆ ಬಂದು ಹಾಕ್ತೀನಿ, ಹಿಟ್ಟಿನ ನೆವ ಇಲ್ಲದೇನೇ ನೋಡು.

— ಜಿಬೆಕ್