ಹುಬ್ಬಳ್ಳಿಯಲ್ಲಿ ಇಳಿದಾಗ ನಿನ್ನ ವೀಲ್‌ಚೇರ್

ಗೆಳೆಯಾ ಸೀನ,

ನೀನಿದ್ದಿದ್ರೆ "ಕಾಗದ ಬರೆಯೋಷ್ಟು ದೊಡ್ಡ ಮನುಷ್ಯ ಯಾವಾಗ ಆದ್ಯೋ ಮುನಿ" ಅಂತ ನಗ್ತಿದ್ದೆ. ನಗು ಪರವಾಗಿಲ್ಲ. ನಮ್ಮ ಮೊಬೈಲ್ ರಿಪೇರಿ ಅಂಗಡಿ ಶಟರ್ ಎತ್ತಿದಾಗೆಲ್ಲ ನಿಂಗೇನೋ ಹೇಳಕ್ಕೆ ಬಾಯಿ ತೆರೀತೀನಿ. ಆಮೇಲೆ ಒಳಗೆ ನೋಡಿದ್ರೆ... ಅದಕ್ಕೇ ಬರೀತಿದೀನಿ.

ಆ ಚೇರು ಬಂದ ದಿನ ನೆನಪಿದೆಯಾ? ಕಾಲೇಜಿಗೆ ಹೋಗ್ತಾ ನೀನು ಏರ್‌ಪೋರ್ಟ್ ರೋಡಲ್ಲಿ ಬೈಕ್ ಜಾರಿ ಬಿದ್ದೆ, ಎದೆಯಿಂದ ಕೆಳಗೆ ಅರಿವೇ ಹೋಯ್ತು. ಅಲ್ಲಿಂದ ಎಷ್ಟು ವರ್ಷ ಆಸ್ಪತ್ರೆಯಲ್ಲಿರೋ ಥರದ ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದೆ, ಯಾರಾದ್ರೂ ತಳ್ಳಿದ್ರೆ ಮಾತ್ರ ಊರು ಕಾಣೋದು. ಆಮೇಲೆ ನಿನ್ನ ಸೊಂಟ, ಬೆನ್ನು, ತೊಡೆ ಎಲ್ಲ ಅಳೆದು ಮಾಡಿದ ಹಗುರದ ಚೇರು ಬಂತು. ಅದರ ಬೆನ್ನುಪಟ್ಟಿ ಹಿಂದಿನಿಂದ ಆನಿಸಿ ಹಿಡ್ಕೊಂಡ್ರೇನೇ ನೀನು ನೆಟ್ಟಗೆ ಕೂರ್ತಿದ್ದಿದ್ದು. ಅವತ್ತು ಮನೆಯಿಂದ ಅಂಗಡಿವರೆಗೆ ಒಬ್ಬನೇ ಹೊರಟೆ. ನಾನು ಹಿಂದೆ ಬಂದ್ರೆ "ಹೋಗೋ, ನಾಯಿ ಥರ ಹಿಂದೆ ಬರ್ಬೇಡ" ಅಂದೆ. ನಿಮ್ಮಮ್ಮ ಬಾಗಿಲಲ್ಲಿ ನಿಂತು, "ಬುಡ್ಲಾ ಮುನಿ, ಅವ್ನೊಬ್ನೇ ಓಗ್ಲಿ" ಅಂದ್ರು. ಹುಣಸಮಾರನಹಳ್ಳಿ ಸರ್ವೀಸ್ ರೋಡಲ್ಲಿ ನಿನ್ನ ಬೆನ್ನು ದೂರ ಆಗೋದನ್ನ ಇಬ್ರೂ ನೋಡ್ತಾ ನಿಂತಿದ್ವಿ.

ವಿಜಯಾ ಮೊದಲ ಸಲ ಅಂಗಡಿಗೆ ಬಂದಿದ್ದು ಒಡೆದ ಫೋನ್ ಹಿಡ್ಕೊಂಡು. ಯಲಹಂಕದ ಕಾಲೇಜೊಂದರ ಆಫೀಸಲ್ಲಿ ಕೆಲಸ, ಊರು ಧಾರವಾಡ. ನೀನು ಗಾಜು ಹಾಕ್ಕೊಟ್ಟೆ. ಮುಂದಿನ ವಾರ ಅದೇ ಫೋನ್ ಮತ್ತೆ ತಂದ್ಲು.

"ಇದಕ್ಕೇನಾಗೇತಿ ನೋಡ್ರಿ."

"ಏನೂ ಆಗಿಲ್ವಲ್ರೀ."

"ಹೌದೇನ್ರಿ? ಹಂಗಾರ ಚಲೋ ಆತು," ಅಂತ ಹೇಳಿ ಸ್ಟೂಲ್ ಎಳ್ಕೊಂಡು ಕೂತೇಬಿಟ್ಲು. ನಾನು ರೀಚಾರ್ಜ್ ನೆಪದಲ್ಲಿ ಆಚೆ ಹೋದೆ. ಎಷ್ಟು ಸಲ ಹಾಗೆ ಆಚೆ ಹೋಗಿದೀನೋ.

ಒಂದು ಸಂಜೆ ಅವಳು ಅಂಗಡಿಗೆ ಬಂದವಳೇ, ಮನೇಲಿ ಹೇಳಿದೀನಿ ಅಂದ್ಲು. "ನಡಿಯೂದಿಲ್ಲ, ಆದ್ರ ತನ್ನ ಕೆಲಸ ಎಲ್ಲಾ ತಾನ ಮಾಡ್ಕೋತಾನ ಅಂತ ಅಪ್ಪಗ ಹೇಳೇನಿ. ಕರಕೊಂಡು ಬಾ, ನೋಡೂಣು ಅಂದಾರ." ಅವತ್ತು ನಿನ್ನ ಮುಖ ಹೇಗಿತ್ತು ಅಂತ ನಿಂಗೆ ಗೊತ್ತಿಲ್ಲ. ನಂಗೆ ಗೊತ್ತು.

ರೈಲಲ್ಲಿ ಹೋಗೋ ಮಾತು ಬಂದಾಗ ನೀನೇ ಬೇಡ ಅಂದೆ. ಬೋಗಿಗೆ ಹತ್ತಿಸೋದು, ಟಾಯ್ಲೆಟ್ಟಿಗೆ ಎತ್ಕೊಂಡು ಹೋಗೋದು... "ಹೆಣ್ಣು ನೋಡಕ್ಕೆ ಹೋಗೋನು ಹಾಗೆ ಹೋಗ್ಬಾರ್ದು ಮಗಾ." ಹುಟ್ಟಿದಾಗಿಂದ ಅಲ್ಲದಿದ್ರೂ ಬುದ್ಧಿ ಬಂದಾಗಿಂದ ತಲೆ ಮೇಲೆ ವಿಮಾನ ನೋಡಿದೋರು ನಾವು, ಹತ್ತಿದ್ದು ಅದೇ ಮೊದಲು. ಕೌಂಟರಲ್ಲಿ ಚೇರು ಅಲ್ಲೇ ಬಿಡ್ಬೇಕು ಅಂದ್ರು. ವಿಮಾನದ ಬಾಗಿಲವರೆಗೆ ಇದರಲ್ಲೇ ಬರ್ತೀನಿ ಅಂತ ನೀನು ಎಷ್ಟು ಕೇಳ್ಕೊಂಡೆ! ಕೊನೆಗೆ ಅವರ ಕುರ್ಚಿಗೆ ಜಾರ್ಕೊಂಡು, "ಚಕ್ರ ಹಿಡಿದು ಎತ್ಬೇಡಿ, ಫ್ರೇಮ್ ಹಿಡೀರಿ. ಮೇಲೆ ಏನೂ ಇಡ್ಬೇಡಿ" ಅಂದೆ. ಕೌಂಟರಿನ ಹುಡುಗಿ ತಲೆ ಆಡಿಸಿ, ಚೇರಿಗೆ ಒಂದು ಚೀಟಿ ಕಟ್ಟಿದ್ಲು. ಸೂಟ್‌ಕೇಸಿಗೆ ಕಟ್ತಾರಲ್ಲ, ಅದೇ ಚೀಟಿ.

ಹುಬ್ಬಳ್ಳಿಯಲ್ಲಿ ಎಲ್ಲರೂ ಇಳಿದು ಹೋದ್ಮೇಲೆ ಅದು ಬಂತು. ಇಬ್ರು ಲೋಡರ್‌ಗಳು ಎತ್ಕೊಂಡು ಬಂದ್ರು, ಯಾಕಂದ್ರೆ ಅದು ಉರುಳ್ತಿರಲಿಲ್ಲ. ಮುಂದಿನ ಒಂದು ಚಕ್ರ ಇಲ್ಲ. ಫ್ರೇಮ್ ಒಂದು ಕಡೆಗೆ ಸೊಟ್ಟಾಗಿತ್ತು, ಬೆನ್ನುಪಟ್ಟಿ ಮುರಿದು ಜೋತಾಡ್ತಿತ್ತು. ನೀನು ಬೈಯ್ತೀಯ ಅನ್ಕೊಂಡೆ. ಕೈ ಚಾಚಿ ಆ ಸೊಟ್ಟ ಕಂಬಿ ಮುಟ್ಟಿ ನೋಡಿದೆ, ಅಷ್ಟೇ. "ಸರ್, ಬ್ಯಾಗೇಜ್ ಡ್ಯಾಮೇಜ್ ಅಂತ ಬರೆದುಕೊಡಿ, ನಮ್ಮವರು ಸಂಪರ್ಕಿಸ್ತಾರೆ" ಅಂದ್ರು ಅಲ್ಲಿಯವರು. ಧಾರವಾಡಕ್ಕೆ ಏರ್‌ಪೋರ್ಟಿನ ಕುರ್ಚಿ ಒಯ್ಬಹುದಾ ಅಂತ ನಾನು ಕೇಳಿದ್ರೆ, ಗೇಟಿನಿಂದ ಆಚೆ ಹೋಗಲ್ಲ ಅಂದ್ರು.

ಮುರಿದ ಚೇರು ಡಿಕ್ಕಿಗೆ ಹಾಕಿ ಟ್ಯಾಕ್ಸಿ ಹತ್ತಿದಾಗ, ವಾಪಸ್ ಹೋಗೋಣ ಅಂತ ನಾನಂದೆ. ನೀನು ಒಪ್ಪಲಿಲ್ಲ. "ಅಲ್ಲಿ ಬಾಯಿ ಬಿಡ್ಬೇಡ. ಹೆಣ್ಣು ಕೇಳಕ್ಕೆ ಹೋದೋನು ಬಾಗಿಲಲ್ಲೇ ದೂರು ಹೇಳ್ಕೊಂಡು ಕೂತ್ರೆ ಏನು ಚೆನ್ನ? ವಿಜಯಾಗೆ ಆಮೇಲೆ ನಾನೇ ಹೇಳ್ತೀನಿ."

ಅವರ ಮನೆ ಅಂಗಳದಲ್ಲಿ ನಾನು ನಿನ್ನನ್ನ ಬೆನ್ನ ಮೇಲೆ ಹೊತ್ತೆ. ಪ್ಯಾಂಟು ಜಗ್ಗಿ ಸೊಂಟದಿಂದ ಇಳೀತಿತ್ತು, ಚಪ್ಪಲಿ ಒಂದು ಬಿತ್ತು. ವಿಜಯಾನೇ ಬಂದು ಎತ್ಕೊಂಡು "ಚೇರ್ ಎಲ್ಲೇತಿ?" ಅಂದ್ಲು, ಆಮೇಲೆ ಹೇಳ್ತೀನಿ ಅಂದೆ ನೀನು. ಅವಳಪ್ಪ ಪಡಸಾಲೆಯಲ್ಲಿ ಎದ್ದು ನಿಂತು "ಬರ್ರಿ, ಬರ್ರಿ" ಅಂದೋರು ಅಲ್ಲಿಗೇ ಮಾತು ನಿಲ್ಲಿಸಿದ್ರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ಎರಡೂ ಕೈಲಿ ಕುರ್ಚಿ ಹಿಡ್ಕೊಂಡಿಲ್ಲ ಅಂದ್ರೆ ನೀನು ಮುಂದಕ್ಕೆ ಮುಗ್ಗರಿಸ್ತಿದ್ದೆ. "ಚಾ ತಗೋರಿ" ಅಂದ್ರು. "ಕುಡಿಯಲ್ಲ ಸರ್" ಅಂದೆ ನೀನು. ಅಂಗಡಿಯಲ್ಲಿ ಗಂಟೆಗೊಂದು ಟೀ ಹೀರೋನು! ನಿನ್ನ ಮುಂದೆ ಆ ಚಹಾ ಕೆನೆ ಕಟ್ತಾ ಕೂತಿತ್ತು. ಕೆಲಸದ ಬಗ್ಗೆ ಕೇಳಿದ್ರು, ಹೇಳಿದೆ. ಬೆವರು ಕಣ್ಣಿಗಿಳಿದ್ರೂ ಒರೆಸ್ಕೊಳ್ಳಕ್ಕೆ ಕೈ ಬಿಡಲಿಲ್ಲ. ನಾನು ಒರೆಸಿದೆ. ಅದನ್ನೂ ಅವರು ನೋಡಿದ್ರು.

ವಾಪಸ್ ಬಂದ್ಮೇಲೆ ವಿಜಯಾಗೆ ನೀನೇ ಫೋನ್ ಮಾಡಿ "ಬೇಡ ಬಿಡು" ಅಂದೆ. ಅವಳು ಅಂಗಡಿಗೆ ಬಂದು, ಸೊಟ್ಟ ಚೇರು ನೋಡಿ, ಅಳ್ತಾ ಜಗಳ ಆಡಿದ್ಲು. "ಅಪ್ಪಗ ಹೇಳ್ತೀನಿ ತಡೀ" ಅಂದ್ಲು. ನೀನು ಒಂದು ಹಳೇ ಫೋನ್ ಬಿಚ್ಕೊಂಡು ತಲೆ ಎತ್ತಲಿಲ್ಲ. ಯಾಕೋ ಸೀನ? ಅಷ್ಟಕ್ಕೇ...

ವಿಮಾನದವರು ಮೇಲ್‌ಗೆ ಮೇಲ್ ಕಳಿಸ್ತಿದ್ರು, ವಿಷಾದಿಸ್ತೇವೆ ಅಂತ. ಹೊಸ ಚೇರು ತಿಂಗಳುಗಟ್ಟಲೆ ಆಗುತ್ತೆ ಅಂದ್ರು ಮಾಡಿಕೊಟ್ಟೋರು. ಅಂಗಡಿ ಮುಚ್ಚಕ್ಕಾಗುತ್ತಾ? ಟಿ. ದಾಸರಹಳ್ಳಿ ಹತ್ರ ಒಬ್ಬ ವೆಲ್ಡರ್ ಕೈಲಿ ಸರಿ ಮಾಡಿಸಿದ್ವಿ. "ನೆಟ್ಟಗೆ ಬರಲ್ಲ ಅಣ್ಣ, ಓಡಾಡಕ್ಕೆ ಆಗುತ್ತೆ ಅಷ್ಟೇ" ಅಂತ ಅವನು ಮೊದಲೇ ಹೇಳಿದ. ಓಡಾಡ್ತು. ಆದ್ರೆ ನೀನು ದಿನವಿಡೀ ಒಂದೇ ಕಡೆಗೆ ವಾಲಿ ಕೂರ್ತಿದ್ದೆ. ನೋವು ಗೊತ್ತಾಗೋ ಮೈ ಆಗಿದ್ರೆ ಕಿರುಚ್ತಿದ್ದೆ. ಒಬ್ಬನೇ ಸ್ನಾನ ಮಾಡಕ್ಕೂ ಆಗ್ತಿರಲಿಲ್ಲ, ನಿಮ್ಮಮ್ಮ ಮಾಡಿಸುವಾಗ ಕೂರೋ ಜಾಗದಲ್ಲಿ ಒಂದು ಹುಣ್ಣು ಕಂಡ್ರು. ಮೇಲೆ ಸಣ್ಣದು, ಒಳಗೆ ಮೂಳೆವರೆಗೆ. ಆಮೇಲೆ ಜ್ವರ, ಹೆಬ್ಬಾಳದ ಆಸ್ಪತ್ರೆ, ರಕ್ತಕ್ಕೆ ನಂಜು. ಐಸಿಯುಗೆ ಒಯ್ಯೋವಾಗಲೂ ನೀನು ಕೇಳಿದ್ದು "ಅಂಗಡಿ ಬೀಗ ಹಾಕಿದ್ಯಾ" ಅಂತ.

ಹಾಕಿದ್ದೆ ಕಣೋ.

ನಿಮ್ಮಮ್ಮನ ಹೆಸರಲ್ಲಿ ವಿಮಾನದವರ ಮೇಲೆ ಗ್ರಾಹಕರ ಕೋರ್ಟಲ್ಲಿ ಕೇಸು ಹಾಕಿದೀವಿ. ಅವರ ವಕೀಲರು ಇಂಗ್ಲಿಷಲ್ಲಿ ಮಾತಾಡ್ತಾರೆ, ನಂಗೆ ತಿಳಿಯೋದು ಬ್ಯಾಗೇಜ್ ಅನ್ನೋ ಒಂದು ಪದ. ಹುಣ್ಣಿಗೂ ನಮಗೂ ಸಂಬಂಧ ಇಲ್ಲ ಅಂತಿದಾರಂತೆ. ಗೆಲ್ತೀವಿ ಅಂತ ನಂಗೇನೂ ಅನ್ನಿಸಲ್ಲ. ಗೆದ್ರೆ ತಾನೇ ಏನು? ಆದ್ರೂ ಕರೆದಾಗೆಲ್ಲ ಹೋಗಿ ನಿಲ್ತೀನಿ. ಅಷ್ಟು ಮಾತ್ರ ನಿಂಗೆ ಮಾತು ಕೊಡಬಲ್ಲೆ.

ವಿಜಯಾ ಕೆಲಸ ಬಿಟ್ಟು ಊರಿಗೆ ಹೋದ್ಲು. ಇದನ್ನೆಲ್ಲ ಬರೆಯಕ್ಕೆ ಕೂತಿದ್ದಕ್ಕೆ ಕಾರಣ ಬೇರೆ. ಹೋದ ವಾರ ಅವಳಪ್ಪ ಬಂದಿದ್ರು, ಒಬ್ಬರೇ. ಅಂಗಡಿಗೆ ಬಂದು ನಿನ್ನ ಮನೆ ಕೇಳಿದ್ರು, ಕರ್ಕೊಂಡು ಹೋದೆ. ನಿಮ್ಮಮ್ಮ ಹೊರಗೆ ಸೊಪ್ಪು ಬಿಡಿಸ್ತಿದ್ರು. ಆತ ನಿಂತೇ ಮಾತಾಡಿದ್ರು.

"ಗಾಡಿ ಮುರಿದಿತ್ತು ಅಂತ ಮಗಳು ಹೇಳಿದ್ಲರಿ. ನಾ ನೆವಾ ಅನ್ಕೊಂಡ್ನಿ. ಒಪ್ಪತಿದ್ನೋ ಇಲ್ಲೋ, ನಂಗ ಇನ್ನೂ ಗೊತ್ತಿಲ್ಲ ತಾಯಿ. ಸುಳ್ಳು ಹೇಳಂಗಿಲ್ಲ. ಆದ್ರ ಅವತ್ತ ನಾ ನಿಮ್ಮ ಮಗನ್ನ ನೋಡ್ಲೇ ಇಲ್ಲ."

ನಿಮ್ಮಮ್ಮ ಕೈಲಿದ್ದ ಸೊಪ್ಪು ಬಿಡಿಸಿ ಮುಗಿಸಿದ್ರು. ಆಮೇಲೆ ಸೊಪ್ಪಿನ ಮೊರ ಪಕ್ಕಕ್ಕೆ ಸರಿಸಿ ಕೇಳಿದ್ರು:

"ಇಷ್ಟು ದೂರ ನೋಡಾಕೆ ಅಂತ ಬಂದಿದೀರಿ. ಈಗ ಎಲ್ಲಿಂದ ತಂದು ತೋರ್ಸ್ಲಿ ಸ್ವಾಮಿ?"

ನಿನ್ನ
ಮುನಿ