ಕೊನೆಗೆ ಬಂದವರ ಗಂಟೆ

ಬೀಬೀಜಾನ ಟೀಚರ್ ಅವರಿಗೆ,

ಇವತ್ತು ಮುಂಬೈ ಕಾಂದಿವಲಿಯ ನಮ್ಮ ಶಾಲೆಯಲ್ಲಿ, ಅದನ್ನು ಕಟ್ಟಿದ ನಿಮಗೂ ಗುರಲಿಂಗಪ್ಪ ಸರ್‌ಗೂ ಸನ್ಮಾನವಿತ್ತು. ವೇದಿಕೆಯಲ್ಲಿ ಸರ್ ಕುಳಿತಿದ್ದರು, ಪಕ್ಕದ ಕುರ್ಚಿಯಲ್ಲಿ ನಿಮ್ಮ ಫೋಟೊ. ಲೋಕಲ್ ರೈಲು ತಡವಾಗಿದ್ದರಿಂದ ನಾನು ಬಾಗಿಲಲ್ಲೇ ನಿಂತೆ.

“ಬಾರವಾ ಬುಷರಾ, ಗಂಟಿ ಹೊಡಿ. ಎಲ್ಲಾರೂ ನಿನ್ನ ಸಲುವಾಗೇ ಕುಂತಾರ,” ಎಂದರು ಸರ್.

ಕೊನೆಗೆ ಬಂದ ಮಗು ಗಂಟೆ ಹೊಡೆದ ಮೇಲೆಯೇ ಪಾಠ ಎಂಬುದು ನೀವು ಮಾಡಿದ ನಿಯಮ. ಹಾಗಾಗಿ ಎಷ್ಟು ಹೊತ್ತಿಗೆ ಬಂದರೂ ನಮ್ಮಲ್ಲಿ ಯಾರಿಗೂ ತಡವಾಗುತ್ತಿರಲಿಲ್ಲ. ಇಂಥ ಉಪಾಯವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಗಂಟೆ ಹೊಡೆದೆ. ಸಭೆ ಶುರುವಾಯಿತು.

ಆಸ್ಪತ್ರೆಯಲ್ಲಿದ್ದಾಗ ನೀವು ಓದಲು ಕೇಳಿದ್ದ ಅನುವಾದಿತ ಕಾದಂಬರಿಯನ್ನು ನಾಳೆ ತರುತ್ತೇನೆ, ನಾಳೆ ತರುತ್ತೇನೆ ಎನ್ನುತ್ತಿದ್ದೆ. ಕೊನೆಗೆ ಅದನ್ನು ತೆಗೆದುಕೊಂಡು ಪರೇಲಿನ ಆ ಆಸ್ಪತ್ರೆಗೆ ಬಂದಾಗ ನಿಮ್ಮ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು.

ನಿಮ್ಮ ವಿದ್ಯಾರ್ಥಿನಿ,
ಬುಷರಾ