ಪತಂಗಕ್ಕೆ ಬಿಟ್ಟ ಕತ್ತಲು

ಸೊನೊಯ್ತಾ
೧೯ ಮೇ ೨೦೧೮

ಪ್ರೀತಿಯ ಚಾನೊ ಅಣ್ಣನಿಗೆ,

ತಂಗಿ ಇಮೆಲ್ದಾ ಮಾಡುವ ವಂದನೆಗಳು. ಬರೆಯುವುದು ತಡವಾಯಿತು, ಬೈಯಬೇಡ. ಎರಡು ವರ್ಷದ ಹಿಂದೆ ನೀನು ಮರಳುಗಾಡು ದಾಟಿ ಹೊರಟದ್ದು ರೆಫುಹಿಯೊ ಮಾವನ ಊರಿಗಲ್ಲವೇ, ಈ ಸಲವೂ ಗಡಿಯಾಚೆಯ ಅವನ ವಿಳಾಸಕ್ಕೇ ಹಾಕುತ್ತಿದ್ದೇನೆ.

ಮೊದಲು ಜಗಳದ ಸುದ್ದಿ. ನೀನು ತಲುಪಿದ ಸುದ್ದಿ ಬರುವವರೆಗೂ ಆರಿಸಬಾರದೆಂದು ಅಮ್ಮ ಮಾಳಿಗೆಯ ಮೇಲೆ ಹಚ್ಚಿಟ್ಟ ದೀಪವಿದೆಯಲ್ಲ, ಅದರಿಂದಾಗಿ ಹಿತ್ತಿಲಿನ, ನರೆಗಡ್ಡದಂಥ ಮುಳ್ಳಿನ ಮುದುಕ ಕಳ್ಳಿಗಿಡ ಎರಡು ಬೇಸಿಗೆ ಹಣ್ಣೇ ಬಿಡಲಿಲ್ಲ. ಕಾರಣ ನನಗೊಂದು ಕರಪತ್ರದಲ್ಲಿ ಸಿಕ್ಕಿತು. ಆ ಹೂವಿಗೆ ಒಂದು ಪುಟ್ಟ ಪತಂಗವೇ ದಿಕ್ಕು. ಹೆಬ್ಬೆರಳ ಉಗುರಿನಷ್ಟು ಜೀವ, ಮಾಸಲು ಬಿಳಿ ರೆಕ್ಕೆ, ಮೇಲೆ ಕಂದು ಗೆರೆ. ಹೆಣ್ಣು ಹೊಟ್ಟೆಯ ರೋಮಕ್ಕೆ ಪರಾಗ ಅಂಟಿಸಿಕೊಂಡು ಹೋಗಿ ಮತ್ತೊಂದು ಹೂವಿಗೆ ಉಜ್ಜುತ್ತದೆ, ಅಲ್ಲೇ ಮೊಟ್ಟೆಯಿಡುತ್ತದೆ. ಮರಿ ಒಂದಿಷ್ಟು ಕಾಯಿ ತಿನ್ನುತ್ತದೆ, ಉಳಿದದ್ದು ನಮಗೆ. ಇಷ್ಟು ನ್ಯಾಯವಾದ ಒಪ್ಪಂದವನ್ನು ಯಾವ ಸರ್ಕಾರ ಮಾಡಿದೆ ಹೇಳು. ಈ ಕಳ್ಳಿ ಇರುವಲ್ಲಿ ಮಾತ್ರ ಅದರ ಬದುಕು: ನಮ್ಮ ಸೊನೋರಾ, ಕಡಲಾಚೆಯ ಬಾಹಾ, ಗಡಿಬೇಲಿಯಾಚೆ ಒಂದು ಚೂರು ನೆಲ. ಅಂಥದ್ದು ನಮ್ಮ ದೀಪವನ್ನು ಸುತ್ತಿ ಸುತ್ತಿ ಸಾಯುತ್ತಿತ್ತು.

ಅಮ್ಮನಿಗೆ ಹೇಳಿದೆ. "ಹುಳಕ್ಕೆ ದಾರಿ ತಪ್ಪಿದ್ರೆ ತಪ್ಪಲಿ, ನನ್ನ ಮಗನಿಗೆ ತಪ್ಪಬಾರ್ದು" ಅಂದಳು. ಪಕ್ಕದ ಮನೆಯ ಚೋಲೆ ಅತ್ತೆ ಬೇರೆ, "ಹುಳದ ಪರವಾಗಿ ಚುನಾವಣೆಗೆ ನಿಲ್ತೀಯೇನೇ? ಮೊದ್ಲು ರೊಟ್ಟಿ ದುಂಡಗೆ ತಟ್ಟೋದು ಕಲಿ" ಅಂತ ನಕ್ಕಳು. ನಾನು ಬಿಡಲಿಲ್ಲ. ಊಟಕ್ಕೆ ಕೂತರೂ ವಾದ, ಎದ್ದರೂ ವಾದ.

ಕೊನೆಗೆ ಸೋಮವಾರ ಅಮ್ಮ ತಾನಾಗಿಯೇ ದೀಪ ಆರಿಸಿದಳು. ಮರುದಿನ ಬೆಳಕು ಹರಿಯುವ ಮುಂಚೆ ಹೋಗಿ ನೋಡಿದೆ, ಹೂವಿನೊಳಗೆ ಪತಂಗ ಕೂತಿತ್ತು. ನಾನು ಗೆದ್ದೆ ಅಣ್ಣ. ಹೇಳೋಣವೆಂದರೆ ಮನೆಯಲ್ಲಿ ಕೇಳುವವರಿಲ್ಲ. ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ನೀನಿದ್ದಿದ್ದರೆ "ಆಯ್ತು ನಾಯಕಿ, ಈಗ ಕಾಫಿ ಕೊಡು" ಅನ್ನುತ್ತಿದ್ದೆ.

ಬಿಸಿಲಿಗೆ ನಡೆಯಬೇಡ, ನೀರು ಜೊತೆಗಿರಲಿ. ಅಮ್ಮನ ಗ್ವಾದಲೂಪೆ ಮಾತೆ ನಿನ್ನನ್ನು ಕಾಯಲಿ. ನಾನು ನಂಬದಿದ್ದರೂ ಕಾಯಲಿ.

ನಿನ್ನ ತಂಗಿ,
ಇಮೆಲ್ದಾ

ತಾ.ಕ.: ಸೋಮವಾರ, ಕಾಣೆಯಾದವರನ್ನು ಹುಡುಕುವ ಕಚೇರಿಯವರು ಬಂದಿದ್ದರು. ಅಮ್ಮನ ಕೆನ್ನೆಯ ಒಳಗಿನಿಂದ ಒಂದು ಕಡ್ಡಿಯಲ್ಲಿ ಎಂಜಲು ಒರೆಸಿಕೊಂಡರು. ಬೇಲಿಯಾಚೆಯ ಮರಳಲ್ಲಿ ಸಿಕ್ಕ ಮೂಳೆಗಳಿಗೆ ತಾಳೆ ನೋಡುತ್ತಾರಂತೆ. ಅವರು ಹೋದ ಮೇಲೆಯೇ ಅಮ್ಮ ಮಾಳಿಗೆ ಹತ್ತಿದ್ದು. "ಹುಳಾನಾದ್ರೂ ಬದುಕಿಕೊಳ್ಲಿ ಬಿಡು" ಅಂದಳು. ಅವರ ಉತ್ತರ ಇನ್ನೂ ಬಂದಿಲ್ಲ. ನಿನ್ನೆ ಸಂಜೆ ನಾನೇ ಮೇಲೆ ಹೋಗಿ ದೀಪ ಹಚ್ಚಿಬಂದೆ. ಈ ಬೇಸಿಗೆಗೂ ಹಣ್ಣು ಬೇಡ.